ಸೆಂಟು ಮೈಗೆ, ಸೆರಗಿಗಲ್ಲ

ಭಾಗ 1: ಈ ಕಲೆ ನಂದು

ಮೊದಲನೇ ಫೋಟೊ ಸ್ವಲ್ಪ ಝೂಮ್ ಮಾಡಿ ನೋಡ್ರಿ. ಕೆಂಪು ಸೆರಗು, ಅದರಲ್ಲಿ ಬಿಳಿ ತೆನಿ. ಭುಜದ ಮೇಲೆ ಬರೋ ಜಾಗದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಮೂರು ಉಂಗುರ ಕಾಣ್ತಾವಲ್ಲ? ಉಂಗುರದ ಒಳಗೆ ಕೆಂಪು ಮಂಕಾಗಿದೆ, ಅಂಚಿನಲ್ಲಿ ದಟ್ಟ ಆಗಿದೆ, ಪಕ್ಕದ ಬಿಳಿ ತೆನಿ ಗುಲಾಬಿ ಬಣ್ಣಕ್ಕೆ ತಿರುಗಿದೆ. ಅದು ಸಾರು ಚೆಲ್ಲಿದ್ದಲ್ಲ, ಮಳೆನೀರು ಬಿದ್ದಿದ್ದಲ್ಲ. ಅದು ನನ್ನ ಸೆಂಟು.

ಸೀರೆ ನಮ್ಮವ್ವಂದು. ಮದುವೆಯಲ್ಲಿ ಆಯಿ ಕೊಟ್ಟ ಇಳಕಲ್ ಸೀರೆ. 22 ವರ್ಷದಲ್ಲಿ ಟ್ರಂಕಿನಿಂದ ಹೊರಗೆ ಬಂದಿದ್ದು ಹಬ್ಬಕ್ಕೆ, ಮದುವೆಗೆ, ಅಷ್ಟೇ. ಹೋದ ವರ್ಷ ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವಕ್ಕೆ ನಾವು ಗೆಳತಿಯರೆಲ್ಲ ಇಳಕಲ್ ಸೀರೆ ಉಟ್ಟು ಹೋಗೋದು ಅಂತ ಮಾತಾಯ್ತು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಬ್ರಿಟಿಷರನ್ನ ಸೋಲಿಸಿದ ನೆನಪಿನ ಉತ್ಸವ ಅದು. ಆ ದಿನ ಜೀನ್ಸ್ ಹಾಕಿ ಹೋಗೋದು ಚೆಂದ ಅಲ್ಲ ಅಂತ ನಮಗೇ ಅನ್ನಿಸಿತ್ತು.

ಅವ್ವ ತಾನೇ ಸೀರೆ ಉಡಿಸಿದಳು, ಪಿನ್ ಹಾಕಿದಳು. ಬಾಗಿಲು ದಾಟೋ ಮುಂಚೆ ನಾನು ಬ್ಯಾಗಿಂದ ಬಾಟಲಿ ತೆಗೆದು ಭುಜಕ್ಕೆ ಮೂರು ಸಲ ಪುಸ್ ಪುಸ್ ಪುಸ್. ಬಾಟಲಿ ಸೆರಗಿಗೆ ಎಷ್ಟು ಹತ್ತಿರ ಇತ್ತು ಅಂದರೆ ಬಟ್ಟೆ ಒದ್ದೆ ಆಗಿದ್ದು ಚರ್ಮಕ್ಕೆ ತಣ್ಣಗೆ ಹತ್ತಿತು. ಸಂಜೆ ಮನೆಗೆ ಬಂದು ಸೀರೆ ಬಿಚ್ಚುವಾಗ ನೋಡಿದೆ. ಅವ್ವಗೂ ತೋರಿಸಿದೆ. "ಇರ್ಲಿ ಬಿಡವಾ, ಒಗದ್ರ ಹೊಕ್ಕೈತಿ" ಅಂದಳು.

ಹೋಗಲಿಲ್ಲ.

ಈ ಸರಣಿಯಲ್ಲಿ ನಾನು ಹೇಳೋದು ಒಂದೇ ಮಾತು: ದ್ರವ ಮೈಗೆ, ಗಾಳಿ ಬಟ್ಟೆಗೆ. ಸೆಂಟು ಹಚ್ಚಬ್ಯಾಡ್ರಿ ಅಂತ ಹೇಳೋಕೆ ಬಂದಿಲ್ಲ. ನಾನೂ ಹಚ್ಚತೇನಿ. ಆದರೆ ನಾವು ಹಚ್ಚೋ ರೀತಿ ತಪ್ಪು, ಮತ್ತು ಅದರ ದಂಡ ಕಟ್ಟೋದು ನಮ್ಮ ಬಟ್ಟೆ.

ಭಾಗ 2: ಬಾಟಲಿಯಲ್ಲಿ ಏನೈತಿ?

ನಾವು ಸೆಂಟು ಅಂತ ಕರೆಯೋ ಬಾಟಲಿಯಲ್ಲಿ ಸುವಾಸನೆ ಇರೋದು ಕಡಿಮೆ. ಓ ಡಿ ಪರ್ಫ್ಯೂಮ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ನೂರಕ್ಕೆ 15ರಿಂದ 20 ಭಾಗ ಸುಗಂಧದ ಎಣ್ಣೆ. ಓ ಡಿ ಟಾಯ್ಲೆಟ್ ಅಂತಿದ್ದರೆ 5ರಿಂದ 15. ಉಳಿದಿದ್ದು ಬಹುಪಾಲು ಆಲ್ಕೋಹಾಲ್, ಸ್ವಲ್ಪ ನೀರು. ಬಾಡಿ ಸ್ಪ್ರೇಯಲ್ಲಿ ಎಣ್ಣೆ ಇನ್ನೂ ಕಡಿಮೆ, ಜೊತೆಗೆ ತಳ್ಳೋ ಗ್ಯಾಸು.

ಆಲ್ಕೋಹಾಲ್ ಕೆಲಸ ಏನು? ಎಣ್ಣೆಯನ್ನ ಹೊತ್ತು ತಂದು ಚರ್ಮದ ಮೇಲೆ ಇಟ್ಟು, ತಾನು ಆರಿ ಹೋಗೋದು. ಚರ್ಮದ ಮೇಲೆ ಅದು ಚೆಂದಾಗಿ ಆಗುತ್ತದೆ. ಬಟ್ಟೆಯ ಮೇಲೆ ಬಿದ್ದರೆ ಕಥೆ ಬೇರೆ. ನೀರಿಗೆ ಬಿಡದ ಎಷ್ಟೋ ಬಣ್ಣ ಆಲ್ಕೋಹಾಲಿಗೆ ಬಿಡುತ್ತವೆ. ಹನಿ ಬಿದ್ದಲ್ಲಿ ಬಣ್ಣ ಕರಗುತ್ತದೆ, ಹನಿ ಹರಡಿದ ಹಾಗೆ ಹೊರಗೆ ಸರಿಯುತ್ತದೆ, ಅಂಚಿನಲ್ಲಿ ಆರಿ ನಿಲ್ಲುತ್ತದೆ. ನಡುವೆ ಮಂಕು, ಸುತ್ತ ದಟ್ಟ. ಮೊದಲ ಫೋಟೊದ ಉಂಗುರ ಹಂಗೇ ಆಗಿದ್ದು.

ಆಲ್ಕೋಹಾಲ್ ಆರಿದ ಮೇಲೆ ಎಣ್ಣೆ ಉಳಿಯುತ್ತದೆ. ಎಣ್ಣೆ ಅಂದ ಮೇಲೆ ಧೂಳು ಹಿಡಿಯುತ್ತದೆ. ಸಿಹಿ ವಾಸನೆಯ ಸೆಂಟುಗಳಲ್ಲಿ ವೆನಿಲ್ಲಾದ ಸತ್ವ ವೆನಿಲಿನ್ ಇರ್ತೈತಿ. ಅದು ಗಾಳಿ ಬೆಳಕಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಳಿ ಅಂಗಿಯ ಮೇಲೆ ಹೊಡೆದ ದಿನ ಏನೂ ಕಾಣಲ್ಲ, ವಾರಗಟ್ಟಲೆ ಕಪಾಟಿನಲ್ಲಿ ಇದ್ದು ಹೊರಗೆ ತೆಗೆದಾಗ ಹಳದಿ ಚುಕ್ಕಿ. "ನಾನು ಏನೂ ಚೆಲ್ಲಿಲ್ಲ, ಈ ಕಲೆ ಎಲ್ಲಿಂದ ಬಂತು" ಅಂತ ಕೇಳೋರಿಗೆ ಉತ್ತರ ಎಷ್ಟೋ ಸಲ ಇದೇ.

ಜರಿ ಇದ್ದರೆ ಇನ್ನೂ ಹುಷಾರು. ಜರಿಯ ಮೇಲಿನ ಲೋಹದ ಹೊಳಪಿಗೆ ಸೆಂಟು ಆಗಿಬರಲ್ಲ, ಕಪ್ಪಾಗುತ್ತಾ ಬರುತ್ತದೆ. ಸೀರೆ ಅಂಗಡಿಯಲ್ಲಿ "ಇದಕ್ಕೆ ಸೆಂಟು ಹೊಡಿಬ್ಯಾಡ್ರಿ" ಅಂತ ಹೇಳೋದು ಸುಮ್ಮನೆ ಅಲ್ಲ. ನಾವು ಅದನ್ನ ತಲೆ ಆಡಿಸಿ ಕೇಳಿ, ಮನೆಗೆ ಬಂದು ಮರೆಯುತ್ತೇವೆ.

ಭಾಗ 3: ರಾಮದುರ್ಗದ ಕಾಕಾ ಹೇಳಿದ್ದು

ಆಯಿಯ ತವರು ರಾಮದುರ್ಗ. ರಾಮದುರ್ಗ, ಸುರೇಬಾನ ಕಡೆ ಹೋದವರಿಗೆ ಗೊತ್ತು, ಓಣಿಯಲ್ಲಿ ಇನ್ನೂ ಮಗ್ಗದ ಸದ್ದು ಕೇಳುತ್ತದೆ. ದೀಪಾವಳಿಗೆ ಹೋದಾಗ ಸೀರೆ ತಗೊಂಡು ಹೋಗಿ, ಮಗ್ಗದ ಮೇಲೆ ಜೀವನ ಕಳೆದ ಕಾಕಾ ಒಬ್ಬರಿಗೆ ತೋರಿಸಿದೆ. ಬಣ್ಣ ಹಾಕಿ ಸರಿ ಮಾಡಬಹುದಾ, ಇಲ್ಲಾ ಸೆರಗು ಅಷ್ಟೇ ಬದಲಿಸಬಹುದಾ ಅಂತ ಕೇಳಿದೆ.

ಅವರು ನಕ್ಕರು. ಸೆರಗಿನ ಮೇಲೆ ಬೆರಳಾಡಿಸಿ, ಒಡಲು ಮುಗಿದು ಸೆರಗು ಶುರುವಾಗೋ ಗೆರೆ ತೋರಿಸಿದರು. "ಇದು ಹೊಲದದ್ದಲ್ಲವಾ. ಎಳಿಗೆ ಎಳಿ ಕೂಡ್ಸಿದ್ದು."

ಇಳಕಲ್ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿ, ಸೆರಗು ರೇಷ್ಮೆ ಅಥವಾ ಚಮಕಾ, ಅಂದರೆ ಕೃತಕ ರೇಷ್ಮೆ. ಎರಡಕ್ಕೂ ಹಾಸಿನ ನೂಲು ಬೇರೆ ಬೇರೆ. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸಿ ಆಮೇಲೆ ನೇಯುತ್ತಾರೆ. ಇದಕ್ಕೇ ತೋಪ ತೆನಿ ಅನ್ನೋದು. ಸೆರಗಿನ ಬಿಳಿ ಚಿತ್ತಾರಕ್ಕೂ ಹೆಸರು ನಮ್ಮ ಬದುಕಿನಿಂದಲೇ ಬಂದಿವೆ: ಜೋಳದ ತೆನಿ, ತಲೆ ಬಾಚೋ ಹಣಿಗೆ.

ಅಂದರೆ ಸೆರಗು ಕೆಟ್ಟರೆ ಬ್ಲೌಸಿನ ತೋಳು ಬದಲಿಸಿದ ಹಂಗ ಬದಲಿಸೋಕೆ ಬರಲ್ಲ. ಸೆಂಟು ಬೀಳೋದು ಎಲ್ಲಿ? ಒಡಲಿನ ಗಟ್ಟಿ ಹತ್ತಿಯ ಮೇಲಲ್ಲ. ಭುಜದ ಮೇಲೆ, ಎದೆಯ ಮೇಲೆ, ಅಂದರೆ ಸರಿಯಾಗಿ ಆ ಸೆರಗಿನ ಮೇಲೆ. ಸೀರೆಯಲ್ಲಿ ಅತಿ ಸೂಕ್ಷ್ಮ ಜಾಗ ಯಾವುದೋ ಅಲ್ಲಿಗೇ ನಾವು ಗುರಿ ಇಡೋದು.

ಚಮಕಾ ನೂಲಿಗೆ ಇನ್ನೊಂದು ಕಷ್ಟ. ಅದು ವಿಸ್ಕೋಸ್ ಜಾತಿಯ ನೂಲು, ಒದ್ದೆ ಆದಾಗ ಶಕ್ತಿ ಬಹಳ ಕಳೆದುಕೊಳ್ಳುತ್ತದೆ. ಹನಿ ಬಿತ್ತು ಅಂತ ಗಾಬರಿಯಿಂದ ನಾವು ಕರ್ಚೀಫ್ ತಗೊಂಡು ಉಜ್ಜುತ್ತೇವಲ್ಲ, ಆಗ ಎಳೆ ಏಳುತ್ತದೆ. ನಾನೂ ಉಜ್ಜಿದ್ದೆ. ಎರಡನೇ ಫೋಟೊದಲ್ಲಿ ನೂಲು ಎದ್ದಿರೋದು ಅದಕ್ಕೇ.

ಭಾಗ 4: ಬಟ್ಟೆ ಮೇಲೆ ಯಾಕ ಹೊಡಿತೇವಿ?

ಇಲ್ಲಿ ಸ್ವಲ್ಪ ಖರೆ ಮಾತಾಡೋಣ.

ನಮ್ಮದು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಕಾಲೇಜಿಗೆ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ ಇಲ್ಲ, ಅದು ಭಾಳ ಒಳ್ಳೇದಾತು. ಅದು ಇಲ್ಲದಿದ್ದರೆ ನನ್ನ ಜೊತೆಯ ಎಷ್ಟೋ ಹುಡುಗಿಯರು ಪಿಯುಸಿಗೇ ನಿಲ್ಲುತ್ತಿದ್ದರು. ಆದರೆ ಬೆಳಗಿನ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಇಳಿಯೋ ಹೊತ್ತಿಗೆ ಬೆನ್ನು ಒದ್ದೆ.

ಮೊದಲನೇ ಸೆಮಿಸ್ಟರ್‌ನಲ್ಲಿ ಒಂದು ದಿನ ಬೆಂಚಿನಲ್ಲಿ ಪಕ್ಕಕ್ಕೆ ಕೂತವಳು ಏನೂ ಅನ್ನದೆ ದುಪಟ್ಟಾ ಮೂಗಿಗೆ ಹಿಡಿದಳು. ಅವಳಿಗೆ ನೆಗಡಿ ಇತ್ತೋ ಏನೋ. ಆದರೆ ನನ್ನ ತಲೆಯಲ್ಲಿ ಕೂತಿದ್ದು ಒಂದೇ: ನಾನು ನಾರುತ್ತಿದ್ದೇನೆ. ಅವತ್ತೇ ಸಂಜೆ ಬಾಟಲಿ ತಗೊಂಡೆ. ಅಲ್ಲಿಂದ ದಿನಾ ಬಸ್ಸಿಳಿದ ಕೂಡಲೇ ಕುರ್ತಾದ ಮೇಲೆ ಐದಾರು ಸಲ ಹೊಡೆಯೋದು ರೂಢಿ ಆಯ್ತು.

ನಿಮ್ಮಲ್ಲೂ ಹಲವರು ಹಂಗೇ ಅಂತ ನನಗೆ ಗೊತ್ತು. ನಾವು ಬಟ್ಟೆ ಮೇಲೆ ಹೊಡೆಯೋದು ಶೋಕಿಗೆ ಅಲ್ಲ, ಹೆದರಿಕೆಗೆ. ಹೆದರಿಕೆಯಲ್ಲಿ ಹೊಡೆದಾಗ ಅಳತೆ ಇರಲ್ಲ, ದೂರ ನೋಡಲ್ಲ, ಬಟ್ಟೆ ಯಾವುದು ಅಂತ ನೋಡಲ್ಲ.

ಆದರೆ ಹೊಸ ಬೆವರಿಗೆ ವಾಸನೆ ಹೆಚ್ಚುಕಡಿಮೆ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನ ಒಡೆದಾಗ ವಾಸನೆ ಬರೋದು. ಆ ವಾಸನೆ ಪಾಲಿಯೆಸ್ಟರ್ ಬಟ್ಟೆಯಲ್ಲಿ ಕೂತಷ್ಟು ಹತ್ತಿಯಲ್ಲಿ ಕೂರಲ್ಲ. ನಿನ್ನೆಯ ಪಾಲಿಯೆಸ್ಟರ್ ಟಾಪಿನ ಮೇಲೆ ಸೆಂಟು ಹೊಡೆದರೆ ಬೆವರು ಹೋಗಲ್ಲ, ಎರಡೂ ಕೂಡಿ ಮೂರನೇ ವಾಸನೆ ಹುಟ್ಟುತ್ತದೆ.

ಹತ್ತಿ ಬೆಳೆಯೋ ನಾಡಿನವರು ನಾವು. ಎರೆಹೊಲದ ಹತ್ತಿ ಮಾರಿ, ಪಾಲಿಯೆಸ್ಟರ್ ಹಾಕಿ ಬೆವೆತು, ಅದನ್ನ ಮುಚ್ಚೋಕೆ ಸೆಂಟು ಕೊಳ್ಳೋದು. ಯೋಚನೆ ಮಾಡ್ರಿ.

ಭಾಗ 5: ಮುತ್ಯಾನ ಕಿವಿಯ ಹತ್ತಿ

ಮೂರನೇ ಫೋಟೊ ನಮ್ಮ ಮುತ್ಯಾಂದು. ಮುಖ ಬ್ಯಾಡ ಅಂದ, ಅದಕ್ಕೆ ಕಿವಿ ಅಷ್ಟೇ. ಕಿವಿಯ ಮೇಲಿನ ಮಡಿಕೆಯಲ್ಲಿ ಸಣ್ಣ ಹತ್ತಿ ಉಂಡೆ ಕಾಣ್ತದಲ್ಲ? ಅದು ಅತ್ತರು. ಲಗ್ನಕ್ಕೆ, ಜಾತ್ರೆಗೆ, ಉರುಸಿಗೆ ಹೋಗೋವಾಗ ಬಿಳಿ ಅಂಗಿ, ಧೋತರ, ಪಟಗಾ, ಮತ್ತೆ ಕಿವಿಯಲ್ಲಿ ಆ ಹತ್ತಿ. ಅಂಗಿಯ ಮೇಲೆ ಒಂದು ಹನಿ ಬಿದ್ದಿದ್ದು ನಾನು ಕಂಡಿಲ್ಲ.

ಹಳೇ ಲಗ್ನಗಳಲ್ಲಿ ಬಾಗಿಲಲ್ಲಿ ಅತ್ತರು ಹಚ್ಚುತ್ತಿದ್ದದ್ದೂ ಅಂಗೈ ಹಿಂಬದಿಗೆ. ಬಂದವರು ಕೈ ಚಾಚೋದು, ಹಚ್ಚುವವರು ಒಂದು ಗೀರು ಎಳೆಯೋದು. ಬಟ್ಟೆಯ ಮೇಲೆ ಬೀಳುತ್ತಿದ್ದದ್ದು ಪನ್ನೀರು ಮಾತ್ರ, ಅದೂ ದೂರದಿಂದ ಚಿಮುಕಿಸಿದ ತೆಳು ಹನಿ.

ಇದು ಮುತ್ಯಾನ ಕಾಲದ ಮಾತು ಅಷ್ಟೇ ಅಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸ ಅಂತ ದೊಡ್ಡ ಗ್ರಂಥ ಬರೆದ. ನಮ್ಮ ಸವದತ್ತಿಯನ್ನು ಆಳಿದ ರಟ್ಟರು ಅದೇ ಚಾಲುಕ್ಯರ ಸಾಮಂತರು. ರಾಜ ಹೆಂಗ ಸುಖವಾಗಿ ಬದುಕಬೇಕು ಅಂತ ಹೇಳೋ ಭಾಗದಲ್ಲಿ ಮೈಗೆ ಹಚ್ಚೋ ಲೇಪನಕ್ಕೆ ಒಂದು ಅಧ್ಯಾಯ, ಉಡೋ ಬಟ್ಟೆಗೆ ಇನ್ನೊಂದು, ಧೂಪಕ್ಕೆ ಮತ್ತೊಂದು. ಮೂರೂ ಬೇರೆ ಬೇರೆ. ಮೈಗೆ ಲೇಪ, ಬಟ್ಟೆಗೆ ಬಟ್ಟೆಯದೇ ಮರ್ಯಾದೆ, ಗಾಳಿಗೆ ಹೊಗೆ ಅಂತ ನಾನು ಓದಿಕೊಂಡೆ. ಇದು ನನ್ನ ಓದು, ಪಂಡಿತರು ಒಪ್ಪದಿದ್ದರೆ ಜಗಳ ಇಲ್ಲ.

ಆಮೇಲೆ ಏನಾಯ್ತು? ಒತ್ತಿದರೆ ಚಿಮ್ಮೋ ಬಾಟಲಿ ಬಂತು. ಜಾಹೀರಾತಿನಲ್ಲಿ ಹುಡುಗ ಅಂಗಿ ಹಾಕಿಕೊಂಡೇ ಎದೆ ತುಂಬಾ ಹೊಡೆದ. ನಾವು ಅದನ್ನೇ ಕಲಿತೆವು. ಮುತ್ಯಾನ ಹತ್ತಿ ನೋಡಿ ಒಂದು ಕಾಲದಲ್ಲಿ ನಾನು ನಕ್ಕಿದ್ದೆ. ಈಗ ನೋಡಿದರೆ ಇಡೀ ಮನೆಯಲ್ಲಿ ಸೆಂಟು ಹಚ್ಚೋಕೆ ಬರುತ್ತಿದ್ದದ್ದು ಅವನೊಬ್ಬನಿಗೇ.

ಭಾಗ 6: ಹಂಗಾದ್ರ ಹೆಂಗ ಹಚ್ಚಬೇಕು? (ಸೇವ್ ಮಾಡಿ ಇಟ್ಕೋರಿ)

ಒಂದು. ಸ್ನಾನ ಆದ ಮೇಲೆ, ಬಟ್ಟೆ ಹಾಕೋ ಮುಂಚೆ. ಇದೊಂದು ಮಾಡಿದರೆ ಅರ್ಧ ಕೆಲಸ ಮುಗೀತು.

ಎರಡು. ಒಣ ಚರ್ಮದಲ್ಲಿ ಸುವಾಸನೆ ನಿಲ್ಲಲ್ಲ. ಹಚ್ಚೋ ಜಾಗಕ್ಕೆ ವ್ಯಾಸಲಿನ್ ಅಥವಾ ವಾಸನೆ ಇಲ್ಲದ ಕ್ರೀಮ್ ಚೂರೇ ಚೂರು ಸವರಿ, ಅದರ ಮೇಲೆ ಸೆಂಟು. ನಮ್ಮ ಕಡೆಯ ಬಿಸಿಲಿಗೆ ಇದು ಬೇಕೇ ಬೇಕು.

ಮೂರು. ನಾಡಿ ಬಡಿಯೋ ಜಾಗ: ಮಣಿಕಟ್ಟು, ಮೊಣಕೈ ಒಳಗಿನ ಮಡಿಕೆ, ಕಿವಿಯ ಹಿಂದೆ. ಅಲ್ಲಿ ಮೈ ಬೆಚ್ಚಗಿರ್ತೈತಿ, ಸುವಾಸನೆ ನಿಧಾನಕ್ಕೆ ಮೇಲೇಳುತ್ತದೆ. ಸೀರೆ ಉಡೋರು ಮೊಣಕಾಲಿನ ಹಿಂದೆ ಹಚ್ಚಿಕೊಂಡು ನೋಡ್ರಿ. ನಡೆಯುವಾಗ ವಾಸನೆ ಕೆಳಗಿಂದ ಬರುತ್ತದೆ, ಸೆರಗಿಗೆ ಏನೂ ಆಗಲ್ಲ.

ನಾಲ್ಕು. ಬಾಟಲಿ ಒಂದು ಗೇಣು ದೂರ. ಹತ್ತಿರ ಹಿಡಿದರೆ ಹನಿ, ದೂರ ಹಿಡಿದರೆ ಮಂಜು. ಎರಡು ಸಲ ಒತ್ತಿದರೆ ಸಾಕು. ನಿಮಗೆ ನಿಮ್ಮ ವಾಸನೆ ಸ್ವಲ್ಪ ಹೊತ್ತಿಗೆ ಗೊತ್ತಾಗಲ್ಲ, ಮೂಗಿಗೆ ರೂಢಿ ಆಗಿಬಿಡುತ್ತದೆ. ಗೊತ್ತಾಗಲ್ಲ ಅಂತ ಮತ್ತೆ ಮತ್ತೆ ಹೊಡೆದರೆ ತ್ರಾಸು ಪಕ್ಕದವರಿಗೆ.

ಐದು. ಪೂರ್ತಿ ಆರಲಿ. ಆಲ್ಕೋಹಾಲ್ ಹಾರಿಹೋದ ಮೇಲೆ ಬಟ್ಟೆ. ತಲೆ ಬಾಚಿಕೊಂಡು, ಬ್ಯಾಗ್ ತುಂಬಿಕೊಂಡು, ಆಮೇಲೆ ಹಾಕ್ಕೊಂಡರೆ ಸರಿಹೋಗುತ್ತದೆ.

ಆರು. ಅತ್ತರು ಇದ್ದರೆ ಇನ್ನೂ ಕಡಿಮೆ. ಅದರಲ್ಲಿ ಹಾರಿಹೋಗೋ ಆಲ್ಕೋಹಾಲ್ ಇಲ್ಲ, ಪೂರ್ತಿ ಎಣ್ಣೆ. ಬಟ್ಟೆಗೆ ತಾಗಿದರೆ ಎಣ್ಣೆ ಕಲೆ ಖಾತ್ರಿ. ಕಡ್ಡಿಯ ತುದಿಯಷ್ಟು ಸಾಕು.

ಏಳು. ಬಿಸಿಲಿಗೆ ಹೋಗೋ ದಿನ ಕುತ್ತಿಗೆಗೆ ಬ್ಯಾಡ. ನಿಂಬೆ ಜಾತಿಯ ಕೆಲವು ಎಣ್ಣೆ ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಕಪ್ಪು ಕಲೆ ಆಗುತ್ತದೆ. ಬಟ್ಟೆ ಉಳಿಸೋಕೆ ಹೋಗಿ ಚರ್ಮ ಕೆಡಿಸಿಕೊಳ್ಳಬ್ಯಾಡ್ರಿ.

ಹೊಸ ಬಾಟಲಿ ಆದರೆ ಮೊದಲ ದಿನ ಮೊಣಕೈ ಒಳಗೆ ಚೂರು ಹಚ್ಚಿ ಒಂದು ದಿನ ನೋಡ್ರಿ. ಕೆರೆತ ಬಂದರೆ ಆ ಬಾಟಲಿ ನಿಮಗಲ್ಲ.

ಭಾಗ 7: "ನನ್ನ ಚರ್ಮಕ್ಕ ಆಗೂದಿಲ್ಲ, ನಾ ಏನ್ ಮಾಡ್ಲಿ?"

ಹಿಂದಿನ ಭಾಗ ಹಾಕಿದ ಮೇಲೆ ಗೆಳತಿಯೊಬ್ಬಳು ಫೋನ್ ಮಾಡಿ ಇದನ್ನೇ ಕೇಳಿದಳು. ಸೆಂಟು ತಾಗಿದರೆ ಅವಳಿಗೆ ಗುಳ್ಳೆ ಏಳುತ್ತವೆ. ಅವಳ ಪ್ರಶ್ನೆ ಸರಿ ಇದೆ, ಅದಕ್ಕೆ ಈ ಭಾಗ.

ದ್ರವ ಬಟ್ಟೆಗೆ ಬ್ಯಾಡ ಅಂದೆ, ಗಾಳಿ ಬ್ಯಾಡ ಅನ್ನಲಿಲ್ಲ. ನಮ್ಮ ಹಿಂದಿನವರು ಟ್ರಂಕಿನಲ್ಲಿ ಸೀರೆಗಳ ನಡುವೆ ಕೇದಗೆ ಎಸಳು ಇಡುತ್ತಿದ್ದರು, ಲಾವಂಚದ ಬೇರು ಇಡುತ್ತಿದ್ದರು. ಟ್ರಂಕು ತೆಗೆದ ಕೂಡಲೇ ಬರುತ್ತಿದ್ದ ಆ ವಾಸನೆ ನಿಮಗೂ ನೆನಪಿರಬಹುದು. ಸೀರೆ ಮೇಲೆ ಒಂದು ಹನಿ ಬಿದ್ದಿಲ್ಲ, ಆದರೂ ಉಟ್ಟು ಬಂದರೆ ಮನೆ ತುಂಬಾ ಗೊತ್ತಾಗುತ್ತಿತ್ತು. ಮುಚ್ಚಿದ ಪೆಟ್ಟಿಗೆಯಲ್ಲಿ ವಾಸನೆ ತಾನೇ ನೂಲಿಗೆ ಇಳಿಯುತ್ತದೆ. ನೀವೂ ಹಿಂಗ ಮಾಡ್ರಿ: ಒಣ ಲಾವಂಚದ ಬೇರನ್ನ ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಕಪಾಟಿನ ಮೂಲೆಗೆ ಇಡ್ರಿ. ಒದ್ದೆ ಹೂ ಬ್ಯಾಡ, ಬೂಷ್ಟು ಹಿಡಿಯುತ್ತದೆ. ನುಸಿಗುಳಿಗಿ ಇಡೋರು ಅದು ಜರಿಗೆ ತಾಗದ ಹಾಗೆ ಇಡ್ರಿ.

ಎರಡನೇ ದಾರಿ ಕರ್ಚೀಫ್. ಹಳೇ ಹತ್ತಿ ಕರ್ಚೀಫ್ ಒಂದನ್ನ ಸೆಂಟಿಗೆ ಅಂತಲೇ ಮೀಸಲಿಡ್ರಿ. ಅದಕ್ಕೆ ಎರಡು ಸಲ ಹೊಡೆದು, ಆರಿಸಿ, ಬ್ಯಾಗಿನಲ್ಲೋ ಜೇಬಿನಲ್ಲೋ ಇಟ್ಕೋರಿ. ಕಲೆ ಆದರೆ ಕರ್ಚೀಫಿಗೆ ಆಗಲಿ. ಇದು ಮುತ್ಯಾನ ಹತ್ತಿ ಉಂಡೆಯ ಮೊಮ್ಮಗ ಅಂತ ತಿಳಕೋರಿ.

ಮೂರನೇದು, ಬಟ್ಟೆಗೆ ಹೊಡೆಯದೆ ವಿಧಿಯೇ ಇಲ್ಲ ಅನ್ನೋರಿಗೆ: ಒಗೆದ, ಬಣ್ಣ ಬಿಡದ ಹತ್ತಿ ಬಟ್ಟೆ ಮಾತ್ರ. ಒಳಗಿನ ಹೊಲಿಗೆ ಕಡೆ, ಒಂದು ಗೇಣು ದೂರದಿಂದ, ಒಂದೇ ಸಲ. ಅದಕ್ಕೂ ಮುಂಚೆ ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ಬಿಳಿ ಬಟ್ಟೆಯಿಂದ ಒತ್ತಿ ನೋಡ್ರಿ. ಬಿಳಿಗೆ ಬಣ್ಣ ಹತ್ತಿದರೆ ಬಿಟ್ಟುಬಿಡ್ರಿ. ರೇಷ್ಮೆ, ಚಮಕಾ, ಜರಿ, ಕಸೂತಿ ಹಾಕಿದ್ದು, ಇವಕ್ಕೆ ಯಾವ ಕಾರಣಕ್ಕೂ ಬ್ಯಾಡ.

ಭಾಗ 8: ಗುಡ್ಡಕ್ಕ ಹೋಗೋ ದಿನ

ನಾಲ್ಕನೇ ಫೋಟೊ ಸವದತ್ತಿ ಯಲ್ಲಮ್ಮನ ಗುಡ್ಡದ್ದು. ಭಾರತ ಹುಣ್ಣಿಮೆಯ ಜಾತ್ರೆಗೆ ಹೋದವರಿಗೆ ಹೇಳಬೇಕಾಗಿಲ್ಲ, ನೆಲ, ಮೆಟ್ಟಿಲು, ಗಾಳಿ ಎಲ್ಲ ಹಳದಿ. ಉಧೋ ಉಧೋ ಅಂದ ಹಾಗೆ ಮೇಲಿಂದ ಭಂಡಾರ ಬೀಳುತ್ತದೆ. ಅದು ಅಮ್ಮನ ಪ್ರಸಾದ, ಬಟ್ಟೆಗೆ ಹತ್ತಿತು ಅಂತ ಬೇಜಾರು ಯಾರಿಗೂ ಇಲ್ಲ. ನಾನು ಹೇಳೋದು ಬೇರೆ.

ಭಂಡಾರದ ಅರಿಶಿನದಲ್ಲಿರೋ ಬಣ್ಣ ಕರ್ಕ್ಯುಮಿನ್. ಅದು ನೀರಿನಲ್ಲಿ ಸುಲಭಕ್ಕೆ ಕರಗಲ್ಲ, ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಒಣ ಪುಡಿಯಾಗಿ ಬಟ್ಟೆಯ ಮೇಲೆ ಕೂತಿದ್ದರೆ ಜಾಡಿಸಿದರೆ ಬಹುಪಾಲು ಉದುರುತ್ತದೆ. ಅದರ ಮೇಲೆ ಸೆಂಟು ಹೊಡೆದರೆ? ಪುಡಿ ಕರಗಿ ನೂಲಿನ ಒಳಗೆ ಇಳಿಯುತ್ತದೆ. ಪುಡಿ ಇದ್ದದ್ದು ಬಣ್ಣ ಹಾಕಿದಂಗ ಆಗಿಬಿಡುತ್ತದೆ. ಗುಡ್ಡ ಇಳಿದು ಬಸ್ ಹತ್ತೋ ಮುಂಚೆ "ಬೆವರು ನಾರ್ತೈತಿ" ಅಂತ ಎಲ್ಲರೂ ಬಾಟಲಿ ತೆಗೆಯೋದು ಸರಿಯಾಗಿ ಆ ಹೊತ್ತಿಗೇ.

ಅವತ್ತು ಹಿಂಗ ಮಾಡ್ರಿ. ಮೊದಲು ಬಟ್ಟೆ ಒಣಗಿದ್ದಾಗಲೇ ಜಾಡಿಸ್ರಿ. ಮನೆಗೆ ಬಂದು ಸಾಬೂನು ಹಾಕಿದ ಕೂಡಲೇ ಹಳದಿ ಇದ್ದದ್ದು ಕೆಂಪಾದರೆ ಹೆದರಬ್ಯಾಡ್ರಿ, ಸಾಬೂನಿನ ಕ್ಷಾರಕ್ಕೆ ಅರಿಶಿನ ಕೆಂಪಾಗೋದು ಸಹಜ. ಜಾಲಾಡಿದರೆ ಇಳಿಯುತ್ತದೆ. ಉಳಿದ ಹಳದಿಗೆ ಬಿಸಿಲೇ ಮದ್ದು: ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಇದು ಬಿಳಿ ಹತ್ತಿಗೆ. ರೇಷ್ಮೆ, ಬಣ್ಣದ ಸೀರೆ ಬಿಸಿಲಿಗೆ ಹಾಕಿದರೆ ಸೀರೆಯ ಬಣ್ಣವೂ ಮಾಸುತ್ತದೆ, ಅವನ್ನ ನೆರಳಲ್ಲೇ ಆರಿಸ್ರಿ.

ಇನ್ನೊಂದು, ಇದು ಬಟ್ಟೆಗಿಂತ ದೊಡ್ಡ ಮಾತು. ಸೆಂಟಿನ ಆಲ್ಕೋಹಾಲ್, ಬಾಡಿ ಸ್ಪ್ರೇಯ ಗ್ಯಾಸು ಎರಡೂ ಬೆಂಕಿ ಹಿಡಿಯುತ್ತವೆ. ಡಬ್ಬಿಯ ಮೇಲೆ ಬರೆದೇ ಇರ್ತೈತಿ, ನಾವು ಓದಲ್ಲ. ಕರ್ಪೂರ, ದೀಪ, ಒಲೆ ಹತ್ತಿರ ಹೊಡಿಬ್ಯಾಡ್ರಿ. ಸೆರಗು ಒದ್ದೆ ಇರುವಾಗ ಆರತಿ ಹಿಡಿಬ್ಯಾಡ್ರಿ.

ಭಾಗ 9: ಆಗೋದು ಆಗಿಹೋಗೈತಿ, ಈಗೇನು?

ಸೆಂಟು ಬಟ್ಟೆಗೆ ಬಿತ್ತು. ಮೊದಲ ನಿಯಮ: ಉಜ್ಜಬ್ಯಾಡ್ರಿ. ಒಣ ಬಿಳಿ ಹತ್ತಿ ಬಟ್ಟೆಯಿಂದ ಮೇಲಿಂದ ಒತ್ತಿ ಎತ್ತಿ, ಒತ್ತಿ ಎತ್ತಿ. ಎರಡನೇ ನಿಯಮ: ಕಲೆ ಇರುವಾಗ ಇಸ್ತ್ರಿ ಹಾಕಬ್ಯಾಡ್ರಿ, ಬಿಸಿಗೆ ಕಲೆ ಪಕ್ಕಾ ಕೂರುತ್ತದೆ.

ಹತ್ತಿ ಬಟ್ಟೆ ಆದರೆ ತಣ್ಣೀರು ಹಾಕಿ ಸಾಮಾನ್ಯ ಸಾಬೂನಿನಲ್ಲಿ ಕೂಡಲೇ ಒಗೆಯಿರಿ. ಅತ್ತರಿನ ಎಣ್ಣೆ ಆದರೆ ಮೊದಲು ಪೌಡರ್ ಅಥವಾ ಕಡ್ಲಿಹಿಟ್ಟು ಉದುರಿಸಿ ಒಂದು ತಾಸು ಬಿಡ್ರಿ. ಎಣ್ಣೆ ಹೀರಿಕೊಳ್ಳುತ್ತದೆ, ಜಾಡಿಸಿ ಆಮೇಲೆ ಒಗೆಯಿರಿ.

ರೇಷ್ಮೆ ಆದರೆ ಮನೆ ಪ್ರಯೋಗ ಬ್ಯಾಡ. ನಾನು ಮಾಡಿ ಕೆಟ್ಟಿದ್ದೇನೆ: ನಿಂಬೆಹಣ್ಣು ಹಚ್ಚಿದೆ, ಉಂಗುರ ಇನ್ನೂ ಅಗಲ ಆಯ್ತು. ಬ್ಲೀಚಿಂಗ್ ಅಂತೂ ರೇಷ್ಮೆಯ ಹತ್ತಿರ ತರಬ್ಯಾಡ್ರಿ, ನೂಲನ್ನೇ ತಿಂದುಬಿಡುತ್ತದೆ. ಹಂಗೇ ಮಡಚಿ ಡ್ರೈಕ್ಲೀನ್‌ಗೆ ಕೊಡ್ರಿ. ಕೊಡುವಾಗ ನಾಚಿಕೆ ಬಿಟ್ಟು "ಇಲ್ಲಿ ಸೆಂಟು ಬಿದ್ದೈತಿ" ಅಂತ ಬೆರಳಿಟ್ಟು ತೋರಿಸ್ರಿ. ಏನು ಬಿದ್ದಿದೆ ಅಂತ ಗೊತ್ತಿದ್ದರೆ ಅವರಿಗೆ ಕೆಲಸ ಸುಲಭ.

ಹುಡುಗರ ಬಿಳಿ ಅಂಗಿಯ ಕಂಕುಳಲ್ಲಿ ಹಳದಿ ಗಟ್ಟಿ ಕಲೆ ಇರುತ್ತದಲ್ಲ, ಅದು ಬರೀ ಬೆವರಲ್ಲ. ಬೆವರು ತಡೆಯೋ ರೋಲ್ ಆನ್‌ಗಳಲ್ಲಿ ಅಲ್ಯುಮಿನಿಯಂ ಲವಣ ಇರುತ್ತದೆ, ಅದು ಬೆವರಿನ ಜೊತೆ ಕೂಡಿ ಹಳದಿ ಆಗುತ್ತದೆ. ಅದಕ್ಕೆ ಬ್ಲೀಚಿಂಗ್ ಹಾಕಿದರೆ ಇನ್ನೂ ಹಳದಿ. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಅರ್ಧ ತಾಸು ಹಚ್ಚಿಟ್ಟು, ಮೆಲ್ಲಗೆ ತಿಕ್ಕಿ ಒಗೆಯಿರಿ. ಒಂದೇ ಸಲಕ್ಕೆ ಹೋಗಲ್ಲ. ಮುಂದೆ ರೋಲ್ ಆನ್ ಪೂರ್ತಿ ಆರಿದ ಮೇಲೆ ಅಂಗಿ ಹಾಕ್ಕೋರಿ.

ನನ್ನವ್ವನ ಸೀರೆಯಂಥ ಕಲೆ, ಬಣ್ಣವೇ ಸರಿದು ಹೋಗಿದ್ದರೆ, ಹೋಗಲ್ಲ. ಹೋಗೋದಿಲ್ಲ ಅಂತ ಒಪ್ಪಿಕೊಳ್ಳೋದೂ ಒಂದು ಬುದ್ಧಿ. ಮತ್ತೆ ಮತ್ತೆ ತಿಕ್ಕಿ ತೂತು ಮಾಡೋದಕ್ಕಿಂತ ಕಲೆಯ ಜೊತೆ ಉಡೋದು ಲೇಸು.

ಭಾಗ 10: ಬಿಕಾಂ ಲೆಕ್ಕ, ಮತ್ತೆ ಅವ್ವ

"ಬಟ್ಟೆ ಮೇಲೆ ಹೊಡೆದರೆ ವಾಸನೆ ಜಾಸ್ತಿ ಹೊತ್ತು ಇರ್ತೈತಿ, ಅದಕ್ಕೇನಂತೀ?" ಅಂತ ಇಬ್ಬರು ಕೇಳಿದ್ದೀರಿ. ಖರೆ ಐತಿ. ಬಟ್ಟೆಗೆ ಮೈಯ ಬಿಸಿ ಇಲ್ಲ, ಅದಕ್ಕೆ ನಿಧಾನಕ್ಕೆ ಹಾರುತ್ತದೆ. ನಾನು ಇಲ್ಲ ಅನ್ನಲ್ಲ. ಆದರೆ ಲೆಕ್ಕ ಹಾಕೋಣ, ಓದ್ತಿರೋದು ಅದನ್ನೇ ಅಲ್ಲ?

ಒಂದು ಸಲ ಒತ್ತಿದರೆ ಸುಮಾರು 0.1 ಎಂಎಲ್ ಬರುತ್ತದೆ ಅಂತ ಇಟ್ಕೊಂಡರೆ, 100 ಎಂಎಲ್ ಬಾಟಲಿಯಲ್ಲಿ ಸಾವಿರ ಸಲ. ನನ್ನ ಬಾಟಲಿ 500 ರೂಪಾಯಿ. ಒಂದು ಸಲಕ್ಕೆ 50 ಪೈಸೆ. ನಾನು ಸೆರಗಿಗೆ ಹೊಡೆದದ್ದು ಮೂರು ಸಲ, ಒಂದೂವರೆ ರೂಪಾಯಿ. ಆ ಒಂದೂವರೆ ರೂಪಾಯಿ ಖರ್ಚು 22 ವರ್ಷದ ಆಸ್ತಿಯನ್ನ ಕೆಡಿಸಿತು.

ನಮ್ಮ ಪುಸ್ತಕದಲ್ಲಿ ಸವಕಳಿ ಅಂತ ಒಂದು ಪಾಠ ಇದೆ. ಯಂತ್ರ ಹಳೇದಾದ ಹಾಗೆ ಬೆಲೆ ಇಳಿಯುತ್ತದೆ. ಅವ್ವನ ಸೀರೆಗೆ ಆ ಸೂತ್ರ ಹೊಂದಲ್ಲ, ಹಳೇದಾದ ಹಾಗೆ ಅದರ ಬೆಲೆ ಏರಿತ್ತು. ಅವಳು ಹೊಲಕ್ಕೆ ಉಡೋ ಸೀರೆಗಳು ಹರಿದು ಚಿಂದಿ ಆದರೂ ಇದನ್ನ ಮುಟ್ಟಲಿಲ್ಲ. ಹೆಣ್ಣುಮಗಳ ಹತ್ತಿರ ತನ್ನದು ಅಂತ ಇರೋ ಆಸ್ತಿ ನಮ್ಮ ಕಡೆ ಎಷ್ಟು? ತಾಳಿ, ಒಂದೆರಡು ಬಂಗಾರದ ಸಾಮಾನು, ಟ್ರಂಕಿನ ಈ ಸೀರೆ. ಅದನ್ನ ನನಗೆ ಉಡಿಸಿ ಕಳಿಸಿದ್ದಳು. ನನ್ನ ಹೆದರಿಕೆಗೆ ನಾನು ಅವಳ ಸೀರೆ ಖರ್ಚು ಮಾಡಿದೆ.

ಈಗಲೂ ಬೆಳಗಿನ ಬಸ್ಸೇ, ಈಗಲೂ ಬೆನ್ನು ಒದ್ದೆ. ಬ್ಯಾಗಿನಲ್ಲಿ ಬಾಟಲಿ ಬದಲು ಇನ್ನೊಂದು ಹತ್ತಿ ಕುರ್ತಾ ಇರ್ತೈತಿ. ಇಳಿದು ಮುಖ ಕೈ ತೊಳೆದು ಬದಲಿಸುತ್ತೇನೆ. ಬೆವೆತದ್ದಕ್ಕೆ ನಾಚಿಕೆ ಇಲ್ಲ. ದುಡಿದು ಬೆವೆತವಳ ಮಗಳು ನಾನು.

ಹೋದ ತಿಂಗಳು ಮಾಮಾನ ಮಗಳ ಲಗ್ನಕ್ಕೆ ಅವ್ವ ಅದೇ ಸೀರೆ ತೆಗೆದಳು. ಉಡೋ ಮುಂಚೆ ನಾನು ಅವಳ ಕಿವಿಯ ಹಿಂದೆ, ಮಣಿಕಟ್ಟಿಗೆ ಅತ್ತರು ಹಚ್ಚಿದೆ. "ಏ, ನನಗ್ಯಾಕ ಇದೆಲ್ಲಾ" ಅಂದಳು, ಕೈ ಮಾತ್ರ ಹಿಂದಕ್ಕೆ ಎಳೆಯಲಿಲ್ಲ. ಆರೋ ತನಕ ಇಬ್ಬರೂ ಸುಮ್ಮನೆ ಕೂತೆವು. ಆಮೇಲೆ ಸೀರೆ ಉಟ್ಟು, ಉಂಗುರದ ಕಲೆ ಒಳಗೆ ಬರೋ ಹಾಗೆ ಸೆರಗು ಮಡಚಿ ಭುಜದ ಮೇಲೆ ಹಾಕ್ಕೊಂಡಳು. ಕೊನೇ ಫೋಟೊ ಅದೇ. ಕಲೆ ಕಾಣಲ್ಲ. ಎಲ್ಲಿದೆ ಅಂತ ನಮ್ಮಿಬ್ಬರಿಗೆ ಗೊತ್ತು.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದೊಂದು ಇದ್ದರೆ, ಈ ಹಬ್ಬಕ್ಕೆ ಉಡೋ ಮುಂಚೆ ಈ ಸರಣಿ ಗೆಳತಿಯರಿಗೆ ಕಳಿಸ್ರಿ. ನಿಮ್ಮ ಸೀರೆಯ ಕಥೆ ಕಾಮೆಂಟಿನಲ್ಲಿ ಬರೀರಿ, ಎಲ್ಲಾ ಓದತೇನಿ.

#ಇಳಕಲ್‌ಸೀರೆ #ತೋಪತೆನಿ #ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ಸೆಂಟುಮೈಗೆ